ಇರುವ ಜಾಗಕ್ಕೆ ಆಟ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದೈಹಿಕ ಶಿಕ್ಷಕರು, ಬೇಸಿಗೆ ಶಿಬಿರ ನಡೆಸುವವರು, ಅಪಾರ್ಟ್‌ಮೆಂಟಿನ ಮಕ್ಕಳನ್ನು ಸಂಜೆ ಆಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ವರಾಂಡ, ತರಗತಿ, ಪಾರ್ಕಿಂಗ್, ತಾರಸಿ, ಗುಡಿಯ ಮುಂದಿನ ಬಯಲು, ಯಾವುದು ಸಿಕ್ಕರೂ ಹೊಂದಿಕೊಳ್ಳುವ ಆಟ ರೂಪಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಅಳತೆಗಳೆಲ್ಲ 6ರಿಂದ 14 ವರ್ಷದ ಮಕ್ಕಳಿಗೆ.

## ಮೊದಲು ಕೇಳುವವು

ನಮಗೆ ಮೈದಾನಾನೇ ಇಲ್ಲ. ಆಟ ಕಟ್ಟೋದನ್ನ ಎಲ್ಲಿಂದ ಶುರು ಮಾಡೋದು?

ಜಾಗದಿಂದ. ಆಟವನ್ನು ಮೊದಲೇ ತೀರ್ಮಾನಿಸಿಕೊಂಡು ಹೋದರೆ ಅಲ್ಲಿನ ಕಂಬ, ಮೆಟ್ಟಿಲು, ಮರ ಎಲ್ಲವೂ ಅಡ್ಡಿಯಾಗಿಯೇ ಕಾಣುತ್ತವೆ. ಬರಿಗೈಲಿ ಹೋಗಿ ಒಂದು ಸುತ್ತು ನಡೆಯಿರಿ. ಅಲ್ಲಾಡದೆ ನಿಂತಿರುವ ಪ್ರತಿಯೊಂದು ವಸ್ತುವನ್ನೂ ಬರೆದುಕೊಂಡು, ಅದಕ್ಕೊಂದು ಕೆಲಸ ಕೊಡಿ. ನಾಲ್ಕು ಕಂಬವಿದ್ದರೆ ಕಂಬದಾಟದ ನಾಲ್ಕು ಮನೆ. ಒಂದು ಮೆಟ್ಟಿಲಿನ ಎತ್ತರವಿದ್ದರೆ ಕೆರೆ-ದಡ. ಅರ್ಧ ಸಿಮೆಂಟು, ಅರ್ಧ ಮಣ್ಣಿದ್ದರೆ ಕಲ್ಲೋ ಮಣ್ಣೋ. ಗಟ್ಟಿ ಕೊಂಬೆಯ ತಗ್ಗು ಮರವಿದ್ದರೆ ಮರಕೋತಿ. ಇವೆಲ್ಲ ಹುಟ್ಟಿದ್ದೇ ಹೀಗೆ, ಕಣ್ಣೆದುರು ಇದ್ದುದರಿಂದ.

ಇನ್ನೊಂದು ಪಟ್ಟಿಯೂ ಬೇಕು: ಚೆಂಡು ತಪ್ಪಿದರೆ ಎಲ್ಲಿಗೆ ಹೋಗುತ್ತದೆ? ಗಾಜು, ನಿಲ್ಲಿಸಿದ ಗಾಡಿ, ಚರಂಡಿಯ ಸಡಿಲ ಕಲ್ಲು, ನೀರಿನ ಮೀಟರಿನ ಮುಚ್ಚಳ ಎಲ್ಲಿವೆ? ಸಂಜೆ ನಾಲ್ಕೂವರೆಗೆ ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತದೆ? ನೀವು ಆಡಿಸಲಿರುವ ಹೊತ್ತಿನಲ್ಲೇ ಹೋಗಿ ನೋಡಿ. ಬೆಳಿಗ್ಗೆ ಖಾಲಿ ಇದ್ದ ಪಾರ್ಕಿಂಗಿಗೆ ಸಂಜೆ ಆರಕ್ಕೆ ಸಾಲಾಗಿ ಕಾರು ಬರುತ್ತಿರುತ್ತದೆ.

ಒಂದು ಆಟ ಎಲ್ಲ ಕಡೆ ಹೊಂದುತ್ತೋ ಇಲ್ವೋ ಅಂತ ನಿಯಮ ಓದಿದ್ರೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ನಿಯಮದಲ್ಲಿ ಮೀಟರು ಎಷ್ಟು ಸಲ ಬರುತ್ತದೆ ಎಂದು ಎಣಿಸಿ. ‘ಕಲರ್ ಕಲರ್ ವಾಟ್ ಕಲರ್’ ಆಟದಲ್ಲಿ ಅಂಕಣವೂ ಇಲ್ಲ, ಅಳತೆಯೂ ಇಲ್ಲ. ಕೂಗಿದ ಬಣ್ಣವನ್ನು ಮುಟ್ಟಿದವರು ಬಚಾವ್, ಅಷ್ಟೆ. ಸುತ್ತಲಿರುವುದೆಲ್ಲ ಆಟದ ಸಾಮಾನಾಗುತ್ತದೆ. ಗಲ್ಲಿ ಕ್ರಿಕೆಟ್ಟಿನ ಮಕ್ಕಳೂ ಇದರಲ್ಲಿ ಪಳಗಿದವರು: ಕಾಂಪೌಂಡ್ ಆಚೆ ಹೊಡೆದರೆ ಔಟ್, ಎದುರು ಗೋಡೆಗೆ ನೇರ ತಾಗಿದರೆ ಎರಡು ರನ್, ಒಂದು ಪಿಚ್ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಜೋರಾಗಿ ಹೊಡೆಯುವವನಿಗೆ ಲಾಭವಿಲ್ಲದಂತೆ ಮಾಡಿ, 140 ಮೀಟರ್ ಮೈದಾನದ ಆಟವನ್ನು 15 ಮೀಟರಿನ ಓಣಿಗೆ ಇಳಿಸಿದ್ದಾರೆ. ಜಾಗ ಇಕ್ಕಟ್ಟಾದಾಗ ಯಾವ ಬಗೆಯ ಆಟಗಾರನಿಗೆ ಅನುಕೂಲ ಹೆಚ್ಚುತ್ತದೋ ಅವನ ಕೈ ಕಟ್ಟುವ ನಿಯಮ ಹುಡುಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎಷ್ಟು ಜಾಗಕ್ಕೆ ಎಷ್ಟು ಮಕ್ಕಳು? ಒಂದು ಲೆಕ್ಕ ಹೇಳಿ ಸಾಕು.

ಓಡಿ ಹಿಡಿಯುವ ಆಟಕ್ಕೆ ತಲೆಗೆ 8ರಿಂದ 10 ಚದರ ಮೀಟರ್, ಬಿರುಸು ನಡಿಗೆಯ ಆಟಕ್ಕೆ 4, ನಿಂತಲ್ಲೇ ಆಡುವುದಕ್ಕೆ ಒಂದೂವರೆ. ಪುರುಷರ ಕಬಡ್ಡಿ ಅಂಕಣ 13 × 10 ಮೀಟರ್. 14 ಜನಕ್ಕೆ ಹಂಚಿದರೆ ತಲೆಗೆ 9 ಚದರ ಮೀಟರ್ ಚಿಲ್ಲರೆ ಬರುತ್ತದೆ.

ಎಲ್ಲರೂ ಎಡವುವುದು ಅಂಚಿನ ಲೆಕ್ಕದಲ್ಲಿ. ಗೋಡೆಯಿಂದ ಗೋಡೆಗೆ ಅಳೆದ ಜಾಗವೆಲ್ಲ ಆಟದ ಜಾಗವಾಗುವುದಿಲ್ಲ. ಓಟದ ಆಟಕ್ಕೆ ಪ್ರತಿ ಗೋಡೆಯಿಂದ 2 ಮೀಟರ್, ನಡಿಗೆಯ ಆಟಕ್ಕೆ 1 ಮೀಟರ್ ಬಿಡಬೇಕು. 12 × 10 ಮೀಟರ್ ಪಾರ್ಕಿಂಗ್ ತೆಗೆದುಕೊಳ್ಳಿ. ಓಟಕ್ಕಾದರೆ ಉಳಿಯುವುದು 8 × 6, ಅಂದರೆ 48 ಚದರ ಮೀಟರ್, ಐದಾರು ಮಕ್ಕಳಿಗಷ್ಟೇ. ನಡಿಗೆಗಾದರೆ 10 × 8, ಅಂದರೆ 80, ಇಪ್ಪತ್ತು ಮಕ್ಕಳಿಗೆ ಸಾಕು. ಅದೇ ನೆಲ, ಮೂರು ಪಟ್ಟಿಗಿಂತ ಹೆಚ್ಚು ಮಕ್ಕಳು. ಸಣ್ಣ ಜಾಗದಲ್ಲಿ ಓಟದ ಹಟ ಹಿಡಿಯಬೇಡಿ ಎನ್ನುವುದು ಇದಕ್ಕೇ.

## ಅಳತೆ, ಗೆರೆ, ಸಾಮಾನು

ಖೋ-ಖೋ ಅಂಕಣದ ಉದ್ದ ಅಗಲ ಎರಡನ್ನೂ ಅರ್ಧ ಮಾಡಿಬಿಟ್ರೆ ಆಯ್ತಲ್ವಾ?

ಆಗುವುದಿಲ್ಲ. 27 × 16 ಮೀಟರಿನ ಅಂಕಣ 13.5 × 8 ಆದಾಗ ವಿಸ್ತಾರ ಕಾಲುಭಾಗಕ್ಕೆ ಇಳಿಯುತ್ತದೆ. ಎಂಟು ಜನರನ್ನು ಅದೇ ಸಾಲಿನಲ್ಲಿ ಕೂರಿಸಿದರೆ ಇಬ್ಬರ ನಡುವೆ ಒಂದು ಮೀಟರ್ ಚಿಲ್ಲರೆ ಉಳಿದು, ಓಡುವವರಿಗೆ ನುಸುಳಲು ಸಂದೇ ಇರುವುದಿಲ್ಲ. ಆಟದ ಜೀವ ಇರುವುದು ಆ ಸಂದಿನಲ್ಲಿ. ಆದ್ದರಿಂದ ಸಂದು ಹಾಗೇ ಇರಲಿ, ಸುಮಾರು ಎರಡೂಕಾಲು ಮೀಟರ್. ಕೂರುವವರನ್ನು ನಾಲ್ಕಕ್ಕೆ ಇಳಿಸಿ. ಉದ್ದ 14 ಮೀಟರ್ ಆಸುಪಾಸಿಗೆ ಬರುತ್ತದೆ. ಅಗಲ 8 ಮೀಟರಿಗಿಂತ ಹೆಚ್ಚು ಸಿಗದಿದ್ದರೆ ಓಡುವವರನ್ನು ಮೂವರ ಬದಲು ಒಬ್ಬೊಬ್ಬರಾಗಿ ಬಿಟ್ಟು, ಸರದಿಯನ್ನು 9 ನಿಮಿಷದಿಂದ 3 ನಿಮಿಷಕ್ಕೆ ತನ್ನಿ. ಹಿಡಿಯುವವರು ಹಿಂದಕ್ಕೆ ತಿರುಗಬಾರದು, ಕಂಬ ಸುತ್ತದೆ ನಡುಗೆರೆ ದಾಟಬಾರದು ಎಂಬ ಎರಡು ನಿಯಮ ಮಾತ್ರ ಮುಟ್ಟಬೇಡಿ. ಕಡಿಮೆ ಜಾಗದಲ್ಲೂ ತಪ್ಪಿಸಿಕೊಳ್ಳಲು ಅವಕಾಶ ಕೊಡುವುದು ಅವೇ.

ಕಬಡ್ಡಿಯಂಥ ಆಟವನ್ನು ಕಡಿಮೆ ಜನಕ್ಕೆ ಇಳಿಸುವಾಗ ಮೊದಲು ವಿಸ್ತಾರ ಇಳಿಸಿ, ಆಮೇಲೆ ಬದಿಗಳನ್ನು ಲೆಕ್ಕ ಹಾಕಿ. ತಂಡಕ್ಕೆ ಏಳರ ಬದಲು ಐವರಾದರೆ 130 ಚದರ ಮೀಟರಿನ ಏಳನೇ ಐದು ಭಾಗ ಸುಮಾರು 93. ಅದು 11 × 8.5 ಮೀಟರಿನ ಅಂಕಣ. ವಿಸ್ತಾರ ಅರ್ಧವಾಗಬೇಕಾದರೆ ಪ್ರತಿ ಬದಿ 0.7ರಷ್ಟಾಗುತ್ತದೆ ಎಂದು ನೆನಪಿಟ್ಟರೆ ಸಾಕು. ಒಂದು ಎಚ್ಚರಿಕೆ: ಅಂಕಣ ಕುಗ್ಗುತ್ತದೆ, ಕೈ ಕುಗ್ಗುವುದಿಲ್ಲ. ತೀರಾ ಚಿಕ್ಕ ಅಂಕಣದಲ್ಲಿ ಕೈ ಚಾಚಿದರೇ ಎಲ್ಲರೂ ಸಿಗುತ್ತಾರೆ. ಅಂಥ ಕಡೆ ಮುಟ್ಟುವುದರ ಬದಲು ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಪಟ್ಟಿ ಕೀಳಬೇಕು ಎಂದು ಮಾಡಿ.

ಅಳೆಯೋ ಟೇಪು ಇಲ್ಲ, ಕಣ್ಣಂದಾಜಲ್ಲಿ ಎಳೆದ್ರೆ ಚೌಕ ಸೊಟ್ಟ ಆಗುತ್ತೆ. ಏನು ಮಾಡ್ಲಿ?

12 ಮೀಟರ್ ಹಗ್ಗ ತೆಗೆದುಕೊಂಡು ಒಂದು ತುದಿಯಿಂದ 3 ಮೀಟರಿಗೆ ಒಂದು ಗುರುತು, 7 ಮೀಟರಿಗೆ ಇನ್ನೊಂದು ಗುರುತು ಹಾಕಿ. ಎರಡೂ ತುದಿ ಸೇರಿಸಿ ಒಬ್ಬರು ಹಿಡಿಯಲಿ, ಎರಡು ಗುರುತನ್ನು ಇಬ್ಬರು ಹಿಡಿದು ಬಿಗಿಯಾಗಿ ಎಳೆಯಲಿ. 3-4-5ರ ತ್ರಿಕೋನವಾಗುತ್ತದೆ, 3 ಮೀಟರಿನ ಗುರುತಿನಲ್ಲಿರುವ ಮೂಲೆ ಸರಿಯಾಗಿ ಲಂಬಕೋನ. ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ, ಹತ್ತಿಯದು ತನ್ನಿ. ಗಂಟು ಹಾಕಿದರೆ ಅಳತೆ ತಿನ್ನುತ್ತದೆ, ಬಣ್ಣದ ದಾರ ಸುತ್ತುವುದು ಮೇಲು.

ಎಸೆಯುವ ದೂರಕ್ಕಂತೂ ಟೇಪು ಬೇಡವೇ ಬೇಡ. ಲಗೋರಿಯಲ್ಲಿ ‘ಎಸೆಯುವವರ ಏಳು ಹೆಜ್ಜೆ’ ಎಂದು ಬರೆಯಿರಿ. ಎರಡನೇ ತರಗತಿಯವಳ ಏಳು ಹೆಜ್ಜೆ ಮೂರೂವರೆ ಮೀಟರ್ ಇದ್ದರೆ ಎಂಟನೇ ತರಗತಿಯವನದು ಐದು ದಾಟುತ್ತದೆ. ಅಳತೆ ತಾನಾಗಿ ವಯಸ್ಸಿಗೆ ಹೊಂದುತ್ತದೆ.

ಗೆರೆಗೆ ಸುಣ್ಣದ ಪುಡಿ ಹಾಕ್ತೀವಿ. ಪರವಾಗಿಲ್ವಾ?

ಬೇಡ. ಬಣ್ಣ ಬಳಿಯುವ ಸುಣ್ಣ, ಅರಳಿಸಿದ್ದಾದರೂ, ಕಣ್ಣಿಗೆ ಬಿದ್ದರೆ ಸುಡುತ್ತದೆ; ಬೆವರಿದ ಬರಿಗಾಲಿಗೂ ಹಿತವಲ್ಲ. ಮಣ್ಣಿನ ನೆಲಕ್ಕೆ ರಂಗೋಲಿ ಪುಡಿ ಅಥವಾ ಸೀಮೆಸುಣ್ಣದ ಪುಡಿ ಬಳಸಿ. ತಳದಲ್ಲಿ ತೂತು ಕೊರೆದ ಡಬ್ಬಿಯಿಂದ ಹಾಕಿದರೆ ಒಂದು ಕೆಜಿಗೆ ಸುಮಾರು 20 ಮೀಟರ್ ಗೆರೆ ಬರುತ್ತದೆ. ಆದರೆ ನಯವಾದ ಟೈಲ್ಸ್ ಮೇಲೆ ಯಾವ ಪುಡಿಯೂ ಬೇಡ, ಕಾಲು ಜಾರುತ್ತದೆ. ಅಲ್ಲಿಗೆ ಮಾಸ್ಕಿಂಗ್ ಟೇಪ್. ಕಂದು ಪ್ಯಾಕಿಂಗ್ ಟೇಪು ಅಂಟು ಉಳಿಸುತ್ತದೆ, ಅಪಾರ್ಟ್‌ಮೆಂಟಿನವರು ಮರುದಿನವೇ ಆಟ ನಿಲ್ಲಿಸುತ್ತಾರೆ.

ಒಂದು ಚೀಲದಲ್ಲಿ ಹಿಡಿಸೋ ಹಾಗೆ ಕಿಟ್ ಮಾಡಬೇಕು. ಏನೇನು, ಎಷ್ಟೆಷ್ಟು?

ಇಪ್ಪತ್ತು ಮಕ್ಕಳಿಗೆ ಇಷ್ಟು ಸಾಕು:

- ಗುರುತು ಹಾಕಿದ 12 ಮೀಟರ್ ಹಗ್ಗ 1, ಬೆರಳು ದಪ್ಪದ 20 ಮೀಟರ್ ಹತ್ತಿ ಹಗ್ಗ 1
- ತುಳಿದರೂ ಬಗ್ಗುವ ಚಪ್ಪಟೆ ರಬ್ಬರ್ ಕೋನ್ 20 (ಇಟ್ಟಿಗೆ ತುಂಡು, ಕಲ್ಲು ಬೇಡ)
- 48 ಮಿ.ಮೀ. ಮಾಸ್ಕಿಂಗ್ ಟೇಪ್ 2, ಸೀಮೆಸುಣ್ಣ ಒಂದು ಡಬ್ಬಿ
- ಎರಡು ಬಣ್ಣದ ಬಟ್ಟೆಪಟ್ಟಿ ತಲಾ 10
- ಬಟ್ಟೆ ಚೆಂಡು 4, ಟೆನಿಸ್ ಚೆಂಡು 2
- ಲಗೋರಿ ಬಿಲ್ಲೆ 7, ಸೀಟಿ, ಬ್ಯಾಂಡೇಜು

ಬಟ್ಟೆ ಚೆಂಡನ್ನು ಹಳೆಯ ಕಾಲುಚೀಲದೊಳಗೆ ಹತ್ತಿಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿ ಹೊಲಿದು ಮಾಡಿ. ತೂಕ 60ರಿಂದ 80 ಗ್ರಾಂ. ನೂರು ಗ್ರಾಂ ದಾಟಿದರೆ ಬೆನ್ನಿಗೆ ಬಿದ್ದಾಗ ನೋಯುತ್ತದೆ. ಇದು ಪುಟಿಯುವುದಿಲ್ಲ, ಹೆಚ್ಚು ಉರುಳುವುದೂ ಇಲ್ಲ. ಹಾಗಾಗಿ ಇಕ್ಕಟ್ಟಾದ ಜಾಗದಲ್ಲಿ ಟೆನಿಸ್ ಚೆಂಡಿಗಿಂತ ಎಷ್ಟೋ ವಾಸಿ. ಲಗೋರಿಗೆ 12 ಮಿ.ಮೀ. ಪ್ಲೈವುಡ್‌ನಲ್ಲಿ 16 ಸೆಂ.ಮೀ.ಯಿಂದ 10 ಸೆಂ.ಮೀ.ವರೆಗೆ ಒಂದೊಂದು ಸೆಂ.ಮೀ. ಕಡಿಮೆಯಾಗುವ ಏಳು ಚೌಕ ಕೊಯ್ಯಿಸಿ, ಅಂಚು ಉಜ್ಜಿಸಿ. ಟೈಲ್ಸ್ ಒಡೆಯುವುದಿಲ್ಲ, ಬೆರಳೂ ಜಜ್ಜುವುದಿಲ್ಲ.

## ಜಾಗದಿಂದ ಜಾಗಕ್ಕೆ

ನಮ್ಮ ಸಾಲ್ಯಾಗ ಇರೂದು ಒಂದ ವರಾಂಡಾ, ಹುಡುಗ್ರು ನಲವತ್ತು. ಓಡೂದಂತೂ ಆಗೂದಿಲ್ಲ. ಏನ್ ಆಡಸೂದ್ರಿ?

ವೇಗಕ್ಕೆ ಲಗಾಮು ಹಾಕಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವುದು, ಕುಂಟುವುದು, ಕುಕ್ಕರುಗಾಲಲ್ಲಿ ಸಾಗುವುದು, ಇಬ್ಬರ ಕಾಲು ಸೇರಿಸಿ ಕಟ್ಟಿ ನಡೆಯುವುದು: ಪ್ರತಿಯೊಂದೂ ಜಾಗವನ್ನು ದೊಡ್ಡದು ಮಾಡಿದಂತೆಯೇ. ಕುಂಟಾಟದಲ್ಲಿ ಹಿಡಿಯುವವರು ಮಾತ್ರ ಕುಂಟಬೇಕು ಎಂಬ ನಿಯಮದ ಗುಟ್ಟೂ ಅದೇ. ಆದರೆ ಒಂದೇ ಕಾಲಲ್ಲಿ 30 ಸೆಕೆಂಡಿಗಿಂತ ಹೆಚ್ಚು ಕುಂಟಿಸಬೇಡಿ, ಕಾಲು ಬದಲಿಸಲಿ.

20 × 2 ಮೀಟರ್ ವರಾಂಡದಲ್ಲಿ ನಲವತ್ತು ಮಕ್ಕಳನ್ನು ಒಟ್ಟಿಗೆ ಆಡಿಸುವುದು ಸಾಧ್ಯವಿಲ್ಲ, ಆದರೆ ಯಾರೂ ಸುಮ್ಮನೆ ಕೂರಬೇಕಿಲ್ಲ. ಉದ್ದಕ್ಕೂ ನಾಲ್ಕು ಭಾಗ ಮಾಡಿ, ಭಾಗಕ್ಕೆ ಹತ್ತು ಮಕ್ಕಳು. ಐವರು ಗೋಡೆಗೆ ಬೆನ್ನು ಕೊಟ್ಟು ಕೂತು ಕಾಲು ಚಾಚಿ ‘ಹಳ್ಳ’ಗಳಾಗಲಿ, ಐವರು ದಾಟಲಿ. ಕೂತವರು ಸೀಟಿಗೆ ಕಾಲು ಮಡಚಿ ಬೇರೆ ಕಡೆ ಚಾಚುತ್ತಾರೆ, ಹಳ್ಳ ಸರಿಯುತ್ತದೆ. ಕಾಲು ತುಳಿದವರು ಹಳ್ಳವಾಗುತ್ತಾರೆ. ದಾಟುವುದು ನಡಿಗೆಯಲ್ಲೇ, ಜಿಗಿತ ಬೇಡ.

ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಆಡಿಸಿದ್ರೆ ಏನು ಸಮಸ್ಯೆ?

ಮೂರು. ಮೊದಲನೆಯದು ಸದ್ದು: ಸೀಟಿ ಪ್ರತಿಧ್ವನಿಸಿ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ, ಮೇಲಿನ ಮನೆಯವರ ದೂರೂ ಖಚಿತ. ಕೈ ಎತ್ತಿದರೆ ಎಲ್ಲರೂ ಕೈ ಎತ್ತಿ ನಿಲ್ಲುವ ಸನ್ನೆ ರೂಢಿ ಮಾಡಿಸಿ. ಎರಡನೆಯದು ಕಂಬದ ಚೂಪು ಮೂಲೆ ಮತ್ತು ಚಕ್ರ ತಡೆಯುವ ಕಟ್ಟೆ. ಕಂಬಕ್ಕೆ ಹಳೆಯ ಯೋಗಾ ಮ್ಯಾಟನ್ನು ಒಂದೂವರೆ ಮೀಟರ್ ಎತ್ತರದವರೆಗೆ ಸುತ್ತಿ ಕಟ್ಟಿ. ಕಟ್ಟೆಯಿರುವ ಸಾಲನ್ನು ಆಟದಿಂದ ಹೊರಗಿಡಿ. ಮೂರನೆಯದೇ ದೊಡ್ಡದು: ಇಳಿಜಾರಿನಿಂದ ಬರುವ ಚಾಲಕನಿಗೆ ಬಿಸಿಲಿನಿಂದ ಕತ್ತಲಿಗೆ ಕಣ್ಣು ಹೊಂದಲು ಸಮಯ ಬೇಕು. ಇಳಿಜಾರಿನ ಮೇಲ್ತುದಿಯಲ್ಲಿ ದೊಡ್ಡವರೊಬ್ಬರು ನಿಲ್ಲದೆ ಆಟ ಶುರು ಮಾಡಲೇಬೇಡಿ.

ತಾರಸಿ ಮೇಲೆ?

ಪ್ಯಾರಾಪೆಟ್ ಅಲ್ಲಿನ ಅತಿ ಎತ್ತರದ ಮಗುವಿನ ಎದೆಗಿಂತ ಕೆಳಗಿದ್ದರೆ ಕೂತು ಆಡುವ ಆಟಗಳು ಮಾತ್ರ. ಎತ್ತರವಿದ್ದರೂ ಎಸೆಯುವ ಆಟ ಬೇಡ. ಕೆಳಗೆ ಹೋದ ಚೆಂಡಿಗಾಗಿ ಮಕ್ಕಳು ಗೋಡೆ ಹತ್ತಿ ಬಗ್ಗುತ್ತಾರೆ. ಕುಂಟೆಬಿಲ್ಲೆ ತಾರಸಿಗೆ ಹೇಳಿ ಮಾಡಿಸಿದ ಆಟ. ಏಪ್ರಿಲ್-ಮೇನಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ, ಅಂಗೈಯನ್ನು ನೆಲದ ಮೇಲೆ ಐದು ಸೆಕೆಂಡ್ ಇಟ್ಟು ನೋಡಿ.

ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬರೀ ಮಳೆ ಮಾರಾಯ್ರೆ. ತರಗತಿಯೊಳಗೆ ಬೆಂಚೇ ತುಂಬಿದೆ. ಅದರಲ್ಲಿ ಆಟ ಹೇಗೆ?

ಬೆಂಚು ಸರಿಸಲು ಹೋಗಬೇಡಿ. ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ಸಾಲುಗಳ ನಡುವಿನ ದಾರಿಗಳನ್ನು ಊರಿನ ಬೀದಿಗಳೆಂದುಕೊಳ್ಳಿ. ಮೂರು ಸಾಲು ಬೆಂಚಿದ್ದರೆ ಉದ್ದಕ್ಕೆ ನಾಲ್ಕು ಬೀದಿ, ಹಿಂದೆ ಮುಂದೆ ಎರಡು ಅಡ್ಡಬೀದಿ.

ಆರು ಮಕ್ಕಳು ಬೀದಿಯಲ್ಲಿ, ಒಬ್ಬರು ಹಿಡಿಯುವವರು. ಎಲ್ಲರಿಗೂ ನಡಿಗೆ ಮಾತ್ರ. ಕೂತ ಮಕ್ಕಳೆಲ್ಲ ಗೇಟುಗಳು. ನೀವು ‘ಎರಡನೇ ಬೀದಿ ಬಂದ್’ ಎಂದರೆ ಆ ಬೀದಿಯ ಎರಡೂ ಕಡೆಯವರು ಕೈ ಚಾಚಿ ದಾರಿ ಮುಚ್ಚುತ್ತಾರೆ, ಹತ್ತು ಸೆಕೆಂಡಿಗೆ ತೆಗೆಯುತ್ತಾರೆ. ಒಳಗೆ ಸಿಕ್ಕಿಕೊಂಡವರು ಅಲ್ಲೇ ನಿಲ್ಲಬೇಕು. ಎರಡು ನಿಮಿಷಕ್ಕೊಮ್ಮೆ ತಂಡ ಬದಲು. ಎಡವಟ್ಟಾಗುವುದು ಚೀಲಗಳಿಂದ, ಶುರುವಿಗೆ ಮೊದಲು ಎಲ್ಲವೂ ಬೆಂಚಿನಡಿಗೆ ಹೋಗಬೇಕು. ನಡಿಗೆ ಓಟವಾಗತೊಡಗಿದರೆ ಎರಡೂ ಅಂಗೈ ತಲೆಯ ಮೇಲಿಟ್ಟು ನಡೆಯಬೇಕೆಂದು ಸೇರಿಸಿ, ವೇಗ ತಾನಾಗಿ ಇಳಿಯುತ್ತದೆ. ನಲಿಕಲಿ ಕೊಠಡಿಗಳಲ್ಲಿ ಮಕ್ಕಳು ನೆಲದ ಮೇಲೇ ಕೂರುವುದರಿಂದ ಅಲ್ಲಿ ಮಕ್ಕಳ ಸಾಲುಗಳೇ ಬೀದಿಗಳಾಗುತ್ತವೆ.

## ಕೈ ಪಳಗಿದ ಮೇಲೆ

ಆಟದ ನಡುವೆ ಅಂಕಣವೇ ಬದಲಾಗೋ ಹಾಗೆ ಮಾಡಬಹುದಾ?

ಕಬಡ್ಡಿಯಲ್ಲೇ ಇದೆಯಲ್ಲ. ಪಕ್ಕದ ಒಂದು ಮೀಟರಿನ ಲಾಬಿ ಮೊದಲು ಹೊರಗಿನ ಜಾಗ. ಸ್ಪರ್ಶವಾಗಿ ಸೆಣಸಾಟ ಶುರುವಾದ ಕೂಡಲೇ ಒಳಗಿನ ಜಾಗ. ಅಂಕಣ ಹಿಗ್ಗುವುದನ್ನು ಗಡಿಯಾರಕ್ಕೆ ಕಟ್ಟದೆ ಆಟದ ಒಂದು ಘಟನೆಗೆ ಕಟ್ಟಿದ್ದಾರೆ. ನೀವೂ ಹಾಗೇ ಮಾಡಿ, ಆಗ ಯಾರೂ ‘ಯಾವಾಗ ಬದಲಾಯ್ತು’ ಎಂದು ಜಗಳಾಡುವುದಿಲ್ಲ.

ಜೂಟಾಟಕ್ಕೆ ಇದನ್ನು ಹೀಗೆ ತರಬಹುದು. 20 ಮೀಟರ್ ಹಗ್ಗದ ತುದಿಗಳನ್ನು ಸೇರಿಸಿ ಕಟ್ಟಿ, ನೆಲದ ಮೇಲೆ ಚೌಕವಾಗಿ ಹರಡಿ. ಔಟಾದ ಮೊದಲ ನಾಲ್ವರು ನಾಲ್ಕು ಮೂಲೆಯ ಕಾವಲುಗಾರರು. ಆಮೇಲೆ ಪ್ರತಿ ಔಟಿಗೂ ಆಟ ನಿಲ್ಲಿಸಿ, ಕಾವಲುಗಾರರು ತಮ್ಮ ಮೂಲೆಯನ್ನು ಒಂದು ಹೆಜ್ಜೆ ಒಳಗೆಳೆಯಲಿ. ಉಳಿದ ಹಗ್ಗ ಅವರ ಕಾಲ ಹಿಂದೆ ಸುರುಳಿಯಾಗಿರಲಿ. ಮಕ್ಕಳು ಕಡಿಮೆಯಾದ ಹಾಗೆ ಜಾಗವೂ ಕಡಿಮೆ, ಔಟಾದವರಿಗೂ ಕೆಲಸ. ಹಗ್ಗ ನೆಲಕ್ಕೆ ಅಂಟಿಕೊಂಡೇ ಇರಬೇಕು. ಯಾರೂ ಅದನ್ನು ಎತ್ತಿ ಹಿಡಿಯಬಾರದು, ಮೊಣಕಾಲೆತ್ತರದ ಹಗ್ಗಕ್ಕಿಂತ ಅಪಾಯ ಬೇರಿಲ್ಲ.

ಒಂದನೇ ಕ್ಲಾಸಿನವರೂ ಏಳನೇ ಕ್ಲಾಸಿನವರೂ ಒಟ್ಟಿಗೇ ಇರ್ತಾರೆ. ಚಿಕ್ಕವರನ್ನ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಬಿಟ್ಟುಬಿಡೋದೇನಾ?

ಅದು ಹಳೆಯ ಉಪಾಯ, ಐದು ವರ್ಷದವರಿಗೆ ಸಾಕು. ಏಳೆಂಟು ವರ್ಷದವರಿಗೆ ಅವಮಾನವಾಗುತ್ತದೆ. ಒಂದೇ ಜಾಗದಲ್ಲಿ ಎರಡು ಗಡಿ ಇಡಿ: ದೊಡ್ಡವರಿಗೆ ಒಳಚೌಕ ಮಾತ್ರ, ಚಿಕ್ಕವರಿಗೆ ಹೊರಗಿನ ಒಂದೂವರೆ ಮೀಟರ್ ಪಟ್ಟಿಯೂ ಸೇರಿದಂತೆ. ಆ ಪಟ್ಟಿಯೊಳಗೆ ಹಿಡಿಯುವವರು ಕಾಲಿಡಬಾರದು, ಕೈ ಚಾಚಬಹುದು. ಚಿಕ್ಕವರು ಅಲ್ಲೇ ಬೀಡುಬಿಟ್ಟರೆ ಪಟ್ಟಿಯಲ್ಲಿ ಐದು ಎಣಿಸುವವರೆಗೆ ಮಾತ್ರ ಎಂದು ಸೇರಿಸಿ.

ಗಾಲಿಕುರ್ಚಿಯ ಮಗು, ಕಣ್ಣು ಕಾಣದ ಮಗು ಇದ್ರೆ ಜಾಗದಲ್ಲಿ ಏನು ಬದಲಿಸಬೇಕು?

ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಜಾಗ ಬೇಕು. ಕೋನ್‌ಗಳ ನಡುವಿನ ಅಂತರ, ಮೂಲೆಯ ಮನೆಗಳು ಎಲ್ಲವನ್ನೂ ಅದಕ್ಕಿಂತ ಚಿಕ್ಕದು ಮಾಡಬೇಡಿ. ಮರಳು, ಜಲ್ಲಿ, ಹೊಸ ಹುಲ್ಲುಹಾಸಿನಲ್ಲಿ ಗಾಲಿ ಹೂಳುತ್ತದೆ.

ಕಾಣದ ಮಗುವಿಗೆ ಗೆರೆ ಕಾಲಿಗೆ ತಿಳಿಯಬೇಕು. ದೃಷ್ಟಿದೋಷವುಳ್ಳವರ ಗೋಲ್‌ಬಾಲ್ ಆಟದ 18 × 9 ಮೀಟರ್ ಅಂಕಣದಲ್ಲಿ ಟೇಪಿನ ಅಡಿಯಲ್ಲಿ ತೆಳು ಹುರಿ ಇಟ್ಟು ಅಂಟಿಸುತ್ತಾರೆ, ಚೆಂಡಿನೊಳಗೆ ಗೆಜ್ಜೆಯಿರುತ್ತದೆ. ಎರಡನ್ನೂ ಹಾಗೆಯೇ ಎರವಲು ಪಡೆಯಬಹುದು. 3 ಮಿ.ಮೀ. ಹುರಿ ಸಾಕು, ದಪ್ಪವಾದರೆ ಉಳಿದವರು ಎಡವುತ್ತಾರೆ. ಆಗ ನೋಡುಗರು ಮೌನವಾಗಿರುವುದು ಶಿಷ್ಟಾಚಾರವಷ್ಟೇ ಆಗಿ ಉಳಿಯದೆ ನಿಯಮವಾಗಬೇಕು.

ಹೊಸ ಜಾಗದಲ್ಲಿ ಆಟ ಸರಿಯಾಗಿ ಹೊಂದಿದೆ ಅಂತ ತಿಳಿಯೋದು ಹೇಗೆ?

ಮೊದಲ ಔಟಿಗೆ ಎಷ್ಟು ಹೊತ್ತಾಯಿತು ನೋಡಿ. ಓಡಿ ಹಿಡಿಯುವ ಆಟದಲ್ಲಿ 15ರಿಂದ 40 ಸೆಕೆಂಡ್ ಇದ್ದರೆ ಹೊಂದಿದೆ. ಹತ್ತಕ್ಕಿಂತ ಕಡಿಮೆಯಾದರೆ ಜಾಗ ಸಣ್ಣದು. ನಿಮಿಷ ದಾಟಿದರೆ ದೊಡ್ಡದು, ಹಿಡಿಯುವವರು ಸೋತು ಅಳುವ ಹಂತಕ್ಕೆ ಬರುತ್ತಾರೆ. ಮೂರು ಸುತ್ತು ಆಡಿಸಿ, ಸುತ್ತಿಗೆ ಒಂದನ್ನೇ ಬದಲಿಸಿ: ಗಡಿ, ಹಿಡಿಯುವವರ ಸಂಖ್ಯೆ ಅಥವಾ ವೇಗದ ಲಗಾಮು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದೆ ಮುಂದಿನ ಜಾಗದಲ್ಲಿ ಮತ್ತೆ ಮೊದಲಿಂದ ಶುರು. ಮಕ್ಕಳು ಎಲ್ಲಿ ಗುಂಪುಗೂಡುತ್ತಾರೆ ಎಂಬುದನ್ನೂ ಗಮನಿಸಿ. ಒಂದು ಮೂಲೆ ಯಾವಾಗಲೂ ಖಾಲಿಯಿದ್ದರೆ ಅಲ್ಲೊಂದು ಮನೆ ಇಡಿ.

ಫೋನಿನ ಜಿಪಿಎಸ್ ಬಳಸಿ ನಿಧಿ ಹುಡುಕೋ ಆಟ ಮಾಡಿದ್ರೆ ಯಾವ ಊರಲ್ಲಾದ್ರೂ ಆಡಬಹುದಲ್ಲ?

ಊರಿನಷ್ಟು ದೊಡ್ಡ ಜಾಗಕ್ಕೆ ಸರಿ, ಶಾಲೆಯ ಆವರಣಕ್ಕೆ ಅಲ್ಲ. ತೆರೆದ ಆಕಾಶದಡಿಯಲ್ಲೂ ಫೋನು ಐದು ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ಇನ್ನೂ ಹೆಚ್ಚು, ಒಳಾಂಗಣದಲ್ಲಿ ನೆಚ್ಚುವಂತಿಲ್ಲ. 2016ರಲ್ಲಿ ಬಂದ ಪೋಕೆಮಾನ್ ಗೋ ಆಟದಲ್ಲಿ ಹತ್ತಾರು ಮೀಟರ್ ದೂರದಿಂದಲೇ ಒಂದು ಸ್ಥಳವನ್ನು ‘ಮುಟ್ಟಲು’ ಬಿಟ್ಟಿದ್ದರಿಂದ ಈ ತಪ್ಪು ಆಟಕ್ಕೆ ಅಡ್ಡಬರಲಿಲ್ಲ. ನಿಮ್ಮ ಗುರುತುಗಳ ನಡುವೆಯೂ ಕನಿಷ್ಠ 30 ಮೀಟರ್ ಅಂತರವಿರಲಿ. ಅಷ್ಟು ಜಾಗವಿಲ್ಲದಿದ್ದರೆ ಕಾಗದದ ಕ್ಯೂಆರ್ ಕೋಡ್ ಅಂಟಿಸಿ. ಒಂದು ಮೀಟರ್ ದೂರದಿಂದ ಓದಿಸಬೇಕಾದರೆ ಕೋಡಿನ ಬದಿ 10 ಸೆಂ.ಮೀ. ಇರಬೇಕು. ಮಾಡುವಾಗ ದೋಷ ತಿದ್ದುವ ಮಟ್ಟವನ್ನು ಅತಿ ಹೆಚ್ಚಿನದಕ್ಕೆ, ಅಂದರೆ ‘ಎಚ್’ಗೆ ಇಟ್ಟರೆ ಸುಮಾರು ಶೇ 30ರಷ್ಟು ಹರಿದರೂ, ಕೊಳೆಯಾದರೂ ಓದುತ್ತದೆ.

ಅಂಗಳದಲ್ಲಿ ಶಾಶ್ವತವಾಗಿ ಪೇಂಟ್ ಮಾಡಿಸೋಣ ಅಂತಿದ್ದೀವಿ. ಯಾವ ಆಟದ ಅಂಕಣ ಹಾಕಿಸೋದು?

ಯಾವುದನ್ನೂ ಪೂರ್ತಿ ಹಾಕಿಸಬೇಡಿ. ಹಾವು-ಏಣಿ ಬರೆದ ನೆಲದಲ್ಲಿ ಮಕ್ಕಳು ಒಂದು ವಾರ ಹಾವು-ಏಣಿ ಆಡಿ ಬಿಟ್ಟುಬಿಡುತ್ತಾರೆ. ಡಚ್ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಮೂರು ದಶಕ ಆಮ್ಸ್ಟರ್‌ಡ್ಯಾಮ್‌ನ ಖಾಲಿ ನಿವೇಶನ, ಬೀದಿಮೂಲೆಗಳಲ್ಲಿ 700ಕ್ಕೂ ಹೆಚ್ಚು ಆಟದ ತಾಣ ಮಾಡಿದಾಗ ಇಟ್ಟದ್ದು ಮರಳುಗುಂಡಿ, ಕಾಂಕ್ರೀಟಿನ ದಿಂಡು, ಬಾಗಿದ ಕಬ್ಬಿಣದ ಸರಳುಗಳಂಥವನ್ನು. ಯಾವುದನ್ನು ಏನೆಂದು ಬಳಸಬೇಕೆಂದು ಅವು ಹೇಳುವುದಿಲ್ಲ.

ನೆಲದ ಮೇಲೆ ಅದೇ ಕೆಲಸವನ್ನು ಚುಕ್ಕಿಗಳು ಮಾಡುತ್ತವೆ. 8 × 8 ಮೀಟರ್ ಜಾಗದಲ್ಲಿ ಮೀಟರಿಗೊಂದರಂತೆ 9 ಸಾಲು, ಸಾಲಿಗೆ 9 ಚುಕ್ಕಿ, ಒಟ್ಟು 81. ಚುಕ್ಕಿಯ ವ್ಯಾಸ 10 ಸೆಂ.ಮೀ. ಮೂಲೆಯ ನಾಲ್ಕು ಮತ್ತು ನಟ್ಟನಡುವಿನ ಒಂದು ಬೇರೆ ಬಣ್ಣದಲ್ಲಿರಲಿ. ಯಾವ ಅಂಕಣ ಬೇಕಾದರೂ ಸೀಮೆಸುಣ್ಣದಲ್ಲಿ ಚುಕ್ಕಿ ಸೇರಿಸಿ ಎರಡು ನಿಮಿಷದಲ್ಲಿ ಎಳೆಯಬಹುದು, ರಂಗೋಲಿ ಬಲ್ಲವರಿಗೆ ಹೇಳಿಕೊಡಬೇಕಾಗಿಲ್ಲ. ಬೂದು ಸಿಮೆಂಟಿನ ಮೇಲೆ ಹಳದಿ ಚೆನ್ನಾಗಿ ಕಾಣುತ್ತದೆ. ಮನೆ ಬಾಗಿಲಿಗೆ ಹಚ್ಚುವ ಆಯಿಲ್ ಪೇಂಟ್ ಒದ್ದೆಯಾದಾಗ ಜಾರುತ್ತದೆ, ನೆಲಕ್ಕೆಂದೇ ಬರುವ ಬಣ್ಣ ಕೇಳಿ. ಧೂಳು ತೊಳೆದು ಒಂದು ದಿನ ಒಣಗಿಸಿ, ಮೊದಲ ಕೋಟ್ ಹಸಿಯಿರುವಾಗಲೇ ಜರಡಿ ಹಿಡಿದ ಸಣ್ಣ ಮರಳನ್ನು ತೆಳ್ಳಗೆ ಉದುರಿಸಿ, ಒಣಗಿದ ಮೇಲೆ ಎರಡನೇ ಕೋಟ್ ಹೊಡೆಸಿ.